ಹಳದಿ ಬೀಗ: ಕಂತು ಒಂಬತ್ತು

“ನಾನು ಬೀಗ ಹಾಕಿರಲಿಲ್ಲ ಅಕ್ಕ. ನಾಳೆ ಹಾಗಂತಲೇ ಹೇಳಿಬಿಡಿ.”

ಹಾಸಿಗೆಯ ಮೇಲಿದ್ದವನು ಇಷ್ಟು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನ ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿತ್ತು. ಬೆರಳುಗಳು ಉಳಿದಿವೆ, ಆದರೆ ಅವು ಮತ್ತೆ ಸ್ಪ್ಯಾನರ್ ಹಿಡಿಯಲು ತಿಂಗಳುಗಳೇ ಬೇಕು ಎಂದು ಡಾಕ್ಟರು ಹೇಳಿದ್ದರು.

ನಾಳೆಯ ವಿಚಾರಣೆಯಲ್ಲಿ ಸಾಕ್ಷಿ ಹೇಳಲಿದ್ದ ಇಂಜಿನಿಯರಮ್ಮ ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

“ನಿನ್ನೆ ಸಂಜೆ ತನಕ ಹಾಕಿದ್ದೆ ಅಂತಿದ್ದೆ.”

“ನಿನ್ನೆ ಜ್ವರ ಇತ್ತು.”

“ಇವತ್ತು?”

“ಬಿಟ್ಟಿದೆ. ನೆನಪು ಬಂದಿದೆ.”

“ಜ್ವರ ಬಿಟ್ಟ ಮೇಲೆ ಸುಳ್ಳು ಶುರುವಾಗೋದನ್ನ ನಾನು ಇದೇ ಮೊದಲು ನೋಡ್ತಿರೋದು.”

ಮಂಚದ ಆಚೆ ಬದಿಯಲ್ಲಿ ಅವನ ಹೆಂಡತಿ ಕಿತ್ತಳೆ ಸುಲಿಯುತ್ತಿದ್ದಳು. ಅವಳ ಕೈ ನಿಂತಿತು. ತುಟಿಯಲ್ಲಿ ನಗು ಬಂದಂತಾಗಿ ಅಲ್ಲೇ ಉಳಿಯಿತು.

ಊರಿಗೆ ನೀರೆತ್ತುವ ಸ್ಥಾವರದಲ್ಲಿ, ದುರಸ್ತಿಗೆಂದು ನಿಂತಿದ್ದ ಮೂರನೇ ಪಂಪಿನ ಮೋಟಾರು ಈ ಫಿಟ್ಟರನ ಕೈಯಡಿಯಲ್ಲೇ ಇದ್ದಕ್ಕಿದ್ದಂತೆ ಜೀವ ಪಡೆದು, ಅವನ ಕೈ ಸುಟ್ಟು ಒಂದು ವಾರವಾಗಿತ್ತು. ಅಲ್ಲಿ ಯಾರನ್ನೂ ಹೆಸರಿನಿಂದ ಕರೆಯುವ ರೂಢಿಯಿಲ್ಲ, ಫಿಟ್ಟರುಗಳಿಗೆ ಅವರವರ ಬೀಗದ ಬಣ್ಣವೇ ಹೆಸರು. ಇವನು ಹಳದಿ.

ಯಂತ್ರಕ್ಕೆ ಕೈ ಹಾಕುವ ಮುಂಚೆ ಅದರ ಪ್ಯಾನೆಲ್ಲಿನ ಸ್ವಿಚ್ಚಿನ ಹಿಡಿಯನ್ನು ಕೆಳಗಿಳಿಸಬೇಕು. ಹಿಡಿಯ ಬಳೆಗೆ ತನ್ನ ಬೀಗ ಹಾಕಿ ಕೀಲಿಯನ್ನು ಕತ್ತಿಗೆ ಕಟ್ಟಿಕೊಳ್ಳಬೇಕು. ಹಾಕಿದವನೇ ತೆಗೆಯುವವರೆಗೆ ಆ ಬೀಗವನ್ನು ಮ್ಯಾನೇಜರೂ ಮುಟ್ಟುವಂತಿಲ್ಲ. ಅಪಘಾತದ ನಂತರ ನೋಡಿದರೆ ಮೂರನೇ ಪ್ಯಾನೆಲ್ಲಿನ ಹಿಡಿ ಬರಿದಾಗಿತ್ತು, ಹಳದಿ ಬೀಗ ಅವನ ಸಲಕರಣೆಯ ಡಬ್ಬದಲ್ಲಿ ತಣ್ಣಗೆ ಮಲಗಿತ್ತು. ಬೀಗವನ್ನೇ ಹಾಕದೆ ಕೆಲಸಕ್ಕಿಳಿದ ಎಂದು ಆಡಳಿತದವರು ಹೇಳುತ್ತಿದ್ದರು. ನಾಳೆಯ ವಿಚಾರಣೆಯಲ್ಲಿ ಅದೇ ಮಾತು ನಿಂತರೆ ಅವನ ನೌಕರಿ ಹೋಗುತ್ತದೆ, ಸುಟ್ಟ ಕೈಗೆ ಪರಿಹಾರವೂ ಸಿಗುವುದಿಲ್ಲ.

“ಯಾರನ್ನ ಉಳಿಸ್ತಿದ್ದೀಯಪ್ಪ?” ಇಂಜಿನಿಯರಮ್ಮ ಮೆಲ್ಲಗೆ ಕೇಳಿದರು.

ಅವನು ಕಿಟಕಿಯ ಹೊರಗಿನ ತಂತಿಗಳನ್ನು ನೋಡುತ್ತಲೇ ಇದ್ದ. ಉತ್ತರ ಬಂದದ್ದು ಹೆಂಡತಿಯಿಂದ.

“ನಮ್ಮ ಅಮ್ಮನ್ನ.”

“ನೀನು ಸುಮ್ನಿರು,” ಎಂದ ಅವನು.

“ಸುಮ್ನಿದ್ದೂ ಇದ್ದೂ ಸಾಕಾಗಿದೆ ನಂಗೆ. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದಾಳೆ ಅಕ್ಕ. ದಿನಾ ಬರ್ತಾಳೆ, ಒಳಗೆ ಬರಲ್ಲ. ಇವರು ದಿನಾ ಬಾಗಿಲು ನೋಡ್ತಾರೆ, ಕರೆಯಲ್ಲ.”

* * *

ಆ ಅಮ್ಮನೇ ಪಂಪು ನಡೆಸುವ ಆಪರೇಟರ್. ಹಳದಿ ಅವರ ಮಗಳನ್ನು ಮದುವೆಯಾದ ದಿನದಿಂದ ಇಡೀ ಸ್ಥಾವರಕ್ಕೆ ಅವರು ಅತ್ತೆ. ಒಮ್ಮೆ ಮ್ಯಾನೇಜರು ಸಭೆಯಲ್ಲಿ ಮೈಮರೆತು “ಅತ್ತೆಯವರು ಹೇಳಿದ ಹಾಗೆ” ಎಂದುಬಿಟ್ಟಾಗ ಎದ್ದ ನಗುವಿನಲ್ಲಿ ಅಂದಿನ ಸಭೆ ಅಲ್ಲಿಗೇ ಮುಗಿದಿತ್ತು.

ಅಂದು ಗುಂಡಿ ಒತ್ತಿದವರು ಅತ್ತೆಯೇ. ಬೀಗ ಹಾಕಿದ್ದೆ ಎಂದು ಹಳದಿ ಹೇಳಿದರೆ ತಪ್ಪೆಲ್ಲ ಅವರ ತಲೆಗೆ ಬರುತ್ತಿತ್ತು.

ಇಂಜಿನಿಯರಮ್ಮ ಬೆಂಚಿನ ಮೇಲೆ ಅವರ ಪಕ್ಕ ಕುಳಿತರು. ಅತ್ತೆಯ ಮಡಿಲಲ್ಲಿ ಅಳಿಯನಿಗೆಂದು ಇಸ್ತ್ರಿ ಮಾಡಿ ತಂದ ಅಂಗಿಯಿತ್ತು. ಬ್ಯಾಂಡೇಜಿನ ಕೈ ಹೋಗಲೆಂದು ಬಲತೋಳನ್ನು ಉದ್ದಕ್ಕೆ ಬಿಚ್ಚಿ ಗುಂಡಿಗಳನ್ನು ಹೊಲಿದಿದ್ದರು.

“ಟ್ಯಾಂಕಲ್ಲಿ ನೀರು ಇಳೀತಿದೆ, ಇನ್ನೊಂದು ಪಂಪು ಹಾಕಿ ಅಂತ ಫೋನ್ ಬಂತು,” ಅತ್ತೆ ಹೇಳಿದರು. “ಮೂರರಲ್ಲಿ ಅಳಿಯ ಇದಾನೆ ಅಂತ ಗೊತ್ತಿಲ್ವಾ ನಂಗೆ? ಎರಡಕ್ಕೆ ಹೋದೆ. ನೀವೇ ಹೇಳಿಕೊಟ್ಟಿದ್ರಲ್ಲ, ಅಭ್ಯಾಸದ ಮೇಲೆ ಕೈ ಹಾಕಬೇಡಿ, ನಂಬರನ್ನ ಗಟ್ಟಿಯಾಗಿ ಓದಿ ಆಮೇಲೆ ಒತ್ತಿ ಅಂತ. ಎರಡು ಅಂತ ಓದಿದೆ. ಒತ್ತಿದೆ. ಕೆಳಗಡೆಯಿಂದ ಕೂಗು ಬಂತು.”

“ಓದಿದ್ದು ಎರಡೇ ತಾನೇ?”

“ಓದಿದ್ದು ಎರಡು. ಓಡಿದ್ದು ಮೂರು. ಹಾಗಾದ್ರೆ ಕಣ್ಣು ಮೋಸ ಮಾಡಿದೆ ಅಂತಲೇ ಅರ್ಥ. ನಾಳೆ ನಾನೇ ಎದ್ದು ಹೇಳ್ತೀನಿ ತಾಯಿ, ಕಣ್ಣು ಮಂಜು, ತಪ್ಪು ನಂದು ಅಂತ. ನಿವೃತ್ತಿ ಹತ್ತಿರ ಇರೋಳು ನಾನು. ಅವನು ಇನ್ನೂ ಬಾಳಬೇಕಾದವನು.”

ಇಂಜಿನಿಯರಮ್ಮ ಕಾರಿಡಾರಿನ ತುದಿಯ ಗೋಡೆಯತ್ತ ಕೈ ತೋರಿಸಿದರು.

“ಅಲ್ಲಿ ಏನು ಬರೆದಿದೆ ಓದಿ ನೋಡೋಣ.”

ಅತ್ತೆ ಕನ್ನಡಕದೊಳಗಿಂದ ನೋಡಿದರು. “ಚಪ್ಪಲಿ ಹೊರಗೆ ಬಿಡಿ ಅಂತಿದೆ. ಅದರ ಕೆಳಗೆ ಯಾರೋ ಪೆನ್ನಲ್ಲಿ ಗೀಚಿದಾರೆ, ಬಿಟ್ಟಿದ್ದೆ, ವಾಪಸ್ ಬಂದಾಗ ಇರಲಿಲ್ಲ ಅಂತ.”

ಇಂಜಿನಿಯರಮ್ಮನಿಗೆ ಆ ಗೀಚು ಅಲ್ಲಿಂದ ಕಾಣಿಸುತ್ತಲೇ ಇರಲಿಲ್ಲ.

* * *

ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಇಂಜಿನಿಯರಮ್ಮನ ಗಂಡ ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಹೆಂಡತಿ ಯೋಚನೆಯಲ್ಲಿ ಬಂದ ದಿನ ಅವರು ಏನನ್ನೂ ಕೇಳುತ್ತಿರಲಿಲ್ಲ, ತಟ್ಟೆಗೆ ಬಡಿಸಿ ಎದುರಿಗೆ ಕುಳಿತುಬಿಡುತ್ತಿದ್ದರು.

ಇಂಜಿನಿಯರಮ್ಮ ಯೂನಿಯನ್ ಸೇರಿದ ವರ್ಷ ಉಳಿದ ಇಂಜಿನಿಯರುಗಳು ಊಟದ ಮೇಜಿನಲ್ಲಿ ಅವರ ಪಕ್ಕದ ಕುರ್ಚಿ ಖಾಲಿ ಬಿಡುತ್ತಿದ್ದರು. ಬಾಜಿಯಲ್ಲಿ ಸೋತು ಸೇರಿದಿರಾ ಎಂದು ಒಬ್ಬರು ಕೇಳಿಯೂ ಇದ್ದರು. ಆಗ ಡಬ್ಬಿ ಎತ್ತಿಕೊಂಡು ಫಿಟ್ಟರುಗಳ ಶೆಡ್ಡಿಗೆ ಹೋಗಿ ಕುಳಿತ ಹೆಂಡತಿಗೆ ಮರುದಿನದಿಂದ ದೊಡ್ಡ ಡಬ್ಬಿ ಕಟ್ಟಿಕೊಟ್ಟವರು ಇದೇ ದರ್ಜಿ. ಅಲ್ಲಿ ಹಂಚಿ ತಿನ್ನುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇಂದು ದರ್ಜಿಯ ಮುಖವೂ ಸಪ್ಪಗಿತ್ತು.

“ನಿಮಗೇನಾಯ್ತು?” ಇಂಜಿನಿಯರಮ್ಮ ಕೇಳಿದರು.

“ನನ್ನ ಮರ್ಯಾದೆ ಹೋಯ್ತು. ಆ ಅವಳಿ ಹುಡುಗೀರ ಸಮವಸ್ತ್ರ ಇತ್ತಲ್ಲ, ಕಾಲರ್ ಸವೆದಿದೆ, ಬಿಚ್ಚಿ ತಿರುಗಿಸಿ ಹೊಲೀರಿ ಅಂತ ಕೊಟ್ಟಿದ್ರು. ಎರಡೂ ಕಾಲರ್ ಬಿಚ್ಚಿದೆ, ಎರಡೂ ಹೊಲಿದೆ. ಹೆಸರಿನ ಪಟ್ಟಿ ಇರೋದು ಕಾಲರ್ ಒಳಗೆ.”

“ಅದಲು ಬದಲಾಯ್ತಾ?”

“ಅಕ್ಕನ ಅಂಗಿಗೆ ತಂಗಿ ಕಾಲರ್. ಹೆಸರು ಓದಿ ಹಾಕ್ಕೊಂಡಿದಾರೆ ಪಾಪ, ಒಬ್ಬಳಿಗೆ ಬಿಗಿ, ಒಬ್ಬಳಿಗೆ ಜೋಲು. ಆ ಹುಡುಗೀರ ತಪ್ಪೇನಿದೆ ಅದರಲ್ಲಿ? ಬರೆದಿದ್ದನ್ನ ನಂಬಿದ್ರು.”

ಇಂಜಿನಿಯರಮ್ಮನ ಕೈ ತಟ್ಟೆಯಲ್ಲೇ ನಿಂತಿತು.

“ಏನು?” ದರ್ಜಿ ಕೇಳಿದರು.

“ಬಾಗಿಲು,” ಎಂದರು ಇಂಜಿನಿಯರಮ್ಮ. “ಬಾಗಿಲು ಬಿಚ್ಚಿದ್ರು. ಬಣ್ಣ ಹಚ್ಚೋಕೆ.”

“ಊಟ ಮುಗಿಸಿ ಹೋಗು.”

“ಬಂದು ಮಾಡ್ತೀನಿ.”

“ಬಂದು ಮಾಡಿದ ದಾಖಲೆ ಈ ಮನೇಲಿ ಒಂದೂ ಇಲ್ಲ,” ಎನ್ನುತ್ತ ಅವರು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು.

* * *

ಪ್ಯಾನೆಲ್ಲುಗಳಿರುವುದು ಹೊಸ ಕೋಣೆಯಲ್ಲಿ. ಹಳೆಯದರ ಛಾವಣಿ ಸೋರುತ್ತಿತ್ತೆಂದು ಅಪಘಾತಕ್ಕೆ ಕೆಲವೇ ದಿನ ಮುಂಚೆ ಇಲ್ಲಿಗೆ ಸ್ಥಳಾಂತರಿಸಿದ್ದರು. ಯಾರ ಕಾಲಿಗೂ ಇನ್ನೂ ದಾರಿ ರೂಢಿಯಾಗಿರಲಿಲ್ಲ. ಎಡಗೋಡೆಗೆ ಒಂದು ಮತ್ತು ಎರಡು, ಬಲಗೋಡೆಗೆ ಮೂರು ಮತ್ತು ನಾಲ್ಕು. ಆಳೆತ್ತರದ ಕಬ್ಬಿಣದ ಕಪಾಟುಗಳು. ಹಿಡಿ, ಗುಂಡಿ, ಬೀಗದ ಬಳೆ ಎಲ್ಲವೂ ಚೌಕಟ್ಟಿನ ಮೇಲಿವೆ. ನಂಬರು ಮಾತ್ರ ಬಾಗಿಲ ಮೇಲಿದೆ.

ದೊಡ್ಡ ಅಧಿಕಾರಿಗಳ ಭೇಟಿಯಿದೆಯೆಂದು ಅಪಘಾತದ ಹಿಂದಿನ ದಿನ, ರಜೆಯ ದಿನವೇ, ಯೂನಿಯನ್ನಿನವರು ಉತ್ಸಾಹದಿಂದ ಬಂದು ಈ ಬಾಗಿಲುಗಳಿಗೆ ಬೂದು ಬಣ್ಣ ಹಚ್ಚಿದ್ದರು. ಬಿಜಾಗರಿಯಿಂದ ಮೇಲಕ್ಕೆತ್ತಿದರೆ ಬಾಗಿಲು ಕಳಚಿಕೊಳ್ಳುತ್ತದೆ. ತೂಕದ ಬಾಗಿಲು, ಎತ್ತಲು ಇಬ್ಬರು ಬೇಕು. ನಾಲ್ಕನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ನಂಬರು ಬಿಟ್ಟು ಬಣ್ಣ ಬಳಿದು, ಸಂಜೆ ಮತ್ತೆ ತೂಗುಹಾಕಿದ್ದರು.

ಈಗ ನಂಬರುಗಳು ಸರಿಯಾಗಿಯೇ ಇದ್ದವು. ಇಂಜಿನಿಯರಮ್ಮ ಮೂರನೇ ಬಾಗಿಲನ್ನು ತೆರೆದು ಅದರ ಒಳ ಅಂಚಿನ ಮೇಲೆ ಬೆರಳಾಡಿಸಿದರು.

ಅಂಚಿನ ಬಣ್ಣದಲ್ಲಿ ಒಂದು ಗುಂಡಗಿನ ತಗ್ಗು ಮೂಡಿತ್ತು. ಬಣ್ಣ ಹಸಿಯಿದ್ದಾಗ ಏನೋ ಒತ್ತಿದ ಗುರುತು. ಮೂರನೇ ಚೌಕಟ್ಟಿನಲ್ಲಿ ಆ ಜಾಗ ನುಣುಪಾಗಿತ್ತು, ಅಲ್ಲಿ ಒತ್ತುವಂಥದ್ದು ಏನೂ ಇರಲಿಲ್ಲ.

ಅವರು ಎದುರಿನ ಎರಡನೇ ಪ್ಯಾನೆಲ್ಲಿಗೆ ಹೋದರು. ಚೌಕಟ್ಟಿನ ಅದೇ ಎತ್ತರದಲ್ಲಿ ಒಂದು ಬೋಲ್ಟಿನ ತಲೆ ಹೊರಗೆ ಚಾಚಿಕೊಂಡಿತ್ತು. ಸ್ಥಳಾಂತರದ ದಿನ ಪೂರ್ತಿ ತಿರುಗಿಸದೆ ಬಿಟ್ಟದ್ದಿರಬೇಕು.

ಹಾಗಾದರೆ ಮೂರು ಎಂದು ಬರೆದ ಬಾಗಿಲು, ಬಣ್ಣ ಹಸಿಯಿದ್ದಾಗ, ಎರಡನೇ ಕಪಾಟಿನ ಮೇಲೆ ಮುಚ್ಚಿಕೊಂಡಿತ್ತು.

ಇಂಜಿನಿಯರಮ್ಮ ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿ ಅಂದಿನ ಬೆಳಗ್ಗೆಯನ್ನು ನೋಡಿದರು. ಎಡಗಡೆ ಒಂದು, ಮೂರು. ಬಲಗಡೆ ಎರಡು, ನಾಲ್ಕು. ಬೀದಿಯ ಮನೆಗಳ ಹಾಗೆ ಒಂದು ಬದಿಗೆ ಬೆಸ, ಇನ್ನೊಂದು ಬದಿಗೆ ಸಮ. ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣುವಂತಿರಲಿಲ್ಲ. ತೂಗುಹಾಕಿದವರಿಗೂ ಅದೇ ಸರಿಯೆನಿಸಿರಬೇಕು.

ಹಳದಿ ಮೂರು ಎಂಬ ಬಾಗಿಲು ನೋಡಿ ಬೀಗ ಹಾಕಿದ. ಬೀಗ ಬಿದ್ದದ್ದು ಎರಡಕ್ಕೆ. ಮೂರನೇ ಮೋಟಾರು ಹೇಗೂ ನಿಂತೇ ಇತ್ತು, ಕರೆಂಟು ಪರೀಕ್ಷಿಸುವ ದೀಪ ಹತ್ತಲಿಲ್ಲ, ಕರೆಂಟಿಲ್ಲವೆಂದು ನಂಬಿ ಕೈ ಹಾಕಿದ. ಅತ್ತೆ ಎರಡು ಎಂಬ ಬಾಗಿಲು ನೋಡಿ, ಗಟ್ಟಿಯಾಗಿ ಓದಿ, ಗುಂಡಿ ಒತ್ತಿದರು. ಓಡಿದ್ದು ಮೂರು.

ಇಬ್ಬರೂ ಕಲಿಸಿದ್ದನ್ನು ಕಲಿಸಿದಂತೆಯೇ ಮಾಡಿದ್ದರು. ಕಲಿಸಿದವರು ತಾವೇ ಎಂಬುದು ನೆನಪಾಗಿ ಇಂಜಿನಿಯರಮ್ಮ ಸ್ವಲ್ಪ ಹೊತ್ತು ಆ ತಣ್ಣನೆಯ ಕಬ್ಬಿಣಕ್ಕೆ ಹಣೆಯೊತ್ತಿ ನಿಂತರು.

ಆಮೇಲೆ ಬಗ್ಗಿ ಎರಡನೇ ಹಿಡಿಯ ಬಳೆಯ ಒಳಗೆ ಕರವಸ್ತ್ರದ ತುದಿಯನ್ನು ತೂರಿಸಿ ಒರೆಸಿದರು. ಹೊಸ ಕೋಣೆಗೆ ಹೊಸ ಬಣ್ಣ ಎಂದು ಹಳದಿ ತನ್ನ ಬೀಗಕ್ಕೆ ಆ ವಾರ ಮತ್ತೊಮ್ಮೆ ಬಣ್ಣ ಹಚ್ಚಿಕೊಂಡಿದ್ದ.

ಕರವಸ್ತ್ರದ ತುದಿ ಹಳದಿಯಾಗಿತ್ತು.

* * *

ಯೂನಿಯನ್ ಕಚೇರಿ ಸ್ಥಾವರದ ಗೇಟಿನ ಪಕ್ಕದ ಒಂದೇ ಕೋಣೆ. ಕಾರ್ಯದರ್ಶಿಯನ್ನು ಎಲ್ಲರೂ ಗಂಟಲು ಎನ್ನುತ್ತಿದ್ದರು. ಮೈಕಿಲ್ಲದೆ ಅಂಗಳದ ಆಚೆಗೂ ಕೇಳುವ ದನಿ. ನಾಳೆ ವಿಚಾರಣೆಯಲ್ಲಿ ಹಳದಿಯ ಪರವಾಗಿ ಮಾತನಾಡಬೇಕಾದವರು ಅವರೇ, ಹಾಗಾಗಿ ಅಲ್ಲಿಯವರೆಗೆ ದನಿಯೆತ್ತಬೇಡಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅವರು ಬೆಳಗ್ಗೆಯಿಂದ ಪಿಸುಗುಟ್ಟುತ್ತಿದ್ದರು. ತಮಾಷೆಯೆಂದರೆ ಎದುರಿಗೆ ಬಂದವರೂ ಕಾರಣವಿಲ್ಲದೆ ಪಿಸುಗುಟ್ಟುತ್ತಿದ್ದರು.

“ಬಾ ತಂಗಿ,” ಎಂದು ಪಿಸುಗುಟ್ಟಿ ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು.

ಇಂಜಿನಿಯರಮ್ಮ ಸದಸ್ಯರಾಗಲು ಬಂದ ದಿನ ಕುರ್ಚಿಯಿಂದೆದ್ದು ನಿಂತು ಬರಮಾಡಿಕೊಂಡವರು ಇವರು. ವೇದಿಕೆಯ ಮೇಲೆ ಕಾಲು ನಡುಗಿದಾಗ, ಕೊನೇ ಸಾಲಲ್ಲಿ ಕೂತವನಿಗೆ ಹೇಳು, ಮುಂದಿನವರಿಗೆ ತಾನೇ ಕೇಳಿಸುತ್ತೆ ಎಂದು ಕಲಿಸಿದವರೂ ಇವರೇ.

“ಅಣ್ಣ, ಬೀಗ ಅವನು ಹಾಕಿದ್ದ,” ಇಂಜಿನಿಯರಮ್ಮ ಕೂಡ ಪಿಸುಗುಟ್ಟಿದರು. “ಹಾಕಿದ್ದು ಎರಡಕ್ಕೆ. ಆಮೇಲೆ ಯಾರೋ ತೆಗೆದು ಅವನ ಡಬ್ಬಕ್ಕೆ ಹಾಕಿದಾರೆ. ಬೀಗ ಒಡೆದಿಲ್ಲ. ಅವನ ಕೀಲಿ ಕತ್ತಿನಲ್ಲೇ ಇತ್ತು. ಆಸ್ಪತ್ರೆಯಲ್ಲಿ ಅಂಗಿ ಕತ್ತರಿಸಿದಾಗ ನರ್ಸು ದಾರದ ಸಮೇತ ಅವನ ಹೆಂಡತಿ ಕೈಗೆ ಕೊಟ್ಟಿದಾರೆ.”

“ಹೂಂ.”

“ಹಾಗಾದ್ರೆ ತೆಗೆದದ್ದು ಯಾವ ಕೀಲಿ?”

ಕಾರ್ಯದರ್ಶಿ ಬಾಯಲ್ಲಿದ್ದ ಗುಳಿಗೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೊರಳಿಸಿದರು.

ಪ್ರತಿ ಬೀಗಕ್ಕೂ ಎರಡು ಕೀಲಿ ಬರುತ್ತವೆ. ಹೊಸಬನ ಕೈಗೆ ಬೀಗ ಕೊಡುವ ದಿನ ಎಲ್ಲರೂ ನೀರಿನ ದೊಡ್ಡ ತೊಟ್ಟಿಯ ಸುತ್ತ ಸೇರುತ್ತಾರೆ. ಎರಡನೇ ಕೀಲಿಯನ್ನು ಕಾರ್ಯದರ್ಶಿ ಎತ್ತಿ ತೋರಿಸಿ, ಇನ್ನು ಈ ಬೀಗಕ್ಕೆ ಇವನೊಬ್ಬನೇ ಯಜಮಾನ ಎಂದು ಕೂಗಿ ಆಳಕ್ಕೆ ಎಸೆಯುತ್ತಾರೆ. ಚಪ್ಪಾಳೆಯಾಗುತ್ತದೆ, ಚಹಾ ಬರುತ್ತದೆ. ಸ್ವಂತ ಬೀಗದ ಈ ಹಕ್ಕಿಗಾಗಿಯೇ ಕಾರ್ಯದರ್ಶಿ ಹಿಂದೊಮ್ಮೆ ಮುಷ್ಕರ ಮಾಡಿ ಕೆಲಸ ಕಳೆದುಕೊಂಡು, ಮತ್ತೆ ಪಡೆದವರು.

“ಎರಡನೇ ಕೀಲಿ ನೀರಲ್ಲಿಲ್ಲ. ಅಲ್ವಾ ಅಣ್ಣ?”

ಗೋಡೆಯ ಮೇಲಿನ ಫ್ಯಾನು ಒಂದು ಸುತ್ತು ಆ ಕಡೆಗೆ, ಒಂದು ಸುತ್ತು ಈ ಕಡೆಗೆ ತಿರುಗಿತು.

“ಇಲ್ಲ,” ಎಂದರು ಅವರು. “ಈಗಿರೋರ ಯಾರದೂ ಇಲ್ಲ. ನಾನು ಎಸೆದಿದ್ದೆಲ್ಲ ಗುಜರಿ ಅಂಗಡಿ ಕೀಲಿ. ಹಳೇ ಸೈಕಲ್ಲಿಂದು, ಪೆಟ್ಟಿಗೇದು.”

“ನಂದೂ?”

“ನಿಂದೂ ನನ್ನ ಮನೇಲೇ ಇದೆ. ಬಿಸ್ಕತ್ತಿನ ಡಬ್ಬದಲ್ಲಿ.”

ಇಂಜಿನಿಯರಮ್ಮ ಎದ್ದು ಹೋಗಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾದರು.

“ನೀಲಿ ನೆನಪಿದಾನಾ ನಿಂಗೆ?” ಕಾರ್ಯದರ್ಶಿ ಕೇಳಿದರು. “ಬೀಗ ಹಾಕಿ ಊಟಕ್ಕೆ ಅಂತ ಮನೆಗೆ ಹೋದೋನು ಅಲ್ಲೇ ಕುಸಿದುಬಿದ್ದು ಹೋಗ್ಬಿಟ್ಟ. ಅವನ ಬೀಗ ಪ್ಯಾನೆಲ್ಲಲ್ಲೇ ಉಳೀತು. ಕೀಲಿ ಅವನ ಜೊತೆಗೇ ಹೋಗಿತ್ತು. ಗರಗಸದಲ್ಲಿ ಕೊಯ್ಯಬೇಕಾಯ್ತು. ಅವನ ಸಾಮಾನು ಒಯ್ಯೋಕೆ ಅಂತ ಹೆಂಡತಿ ಬಂದಿದ್ಲು. ಬಾಗಿಲಲ್ಲಿ ನಿಂತು, ಅವರಿಗೆ ಒಂದು ಮಾತು ಕೇಳಬೇಡ್ವಾ, ಅವರದಲ್ವಾ ಅದು ಅಂತಿದ್ಲು. ಆ ಗರಗಸದ ಸದ್ದು ಇನ್ನೊಬ್ಬಳು ಕೇಳಬಾರದು ಅನ್ನಿಸ್ತು ನಂಗೆ. ಅವತ್ತಿಂದ ಇಟ್ಕೊಂಡೆ.”

“ಯಾರಿಗೂ ಹೇಳದೆ.”

“ಹೇಳಿದ್ರೆ ಬೀಗಕ್ಕೆ ಬೆಲೆ ಎಲ್ಲಿ ಉಳಿಯುತ್ತೆ?”

ಇಂಜಿನಿಯರಮ್ಮ ಲೋಟವನ್ನು ಮೇಜಿನ ಮೇಲಿಟ್ಟರು.

“ಅವತ್ತು ನೀವು ಒಳಗೆ ಬಂದಾಗ ಏನು ನೋಡಿದ್ರಿ?”

“ಎರಡರ ಮೇಲೆ ಅವನ ಬೀಗ. ಹುಡುಗ ತಪ್ಪು ಪ್ಯಾನೆಲ್ಲಿಗೆ ಹಾಕಿದಾನೆ ಅಂದ್ಕೊಂಡೆ. ಬೀಗ ಮರೆತ ಅಂದ್ರೆ ಬೈದು ಬಿಡ್ತಾರೆ, ಎರಡು ಯಾವುದು ಮೂರು ಯಾವುದು ಗೊತ್ತಾಗದ ಫಿಟ್ಟರ್ ಅಂದ್ರೆ ಅವನನ್ನ ಇನ್ನು ಯಾರೂ ಮೆಷಿನ್ ಹತ್ರ ಬಿಡಲ್ಲ. ಅವನ ಒಳ್ಳೇದಕ್ಕೆ ಅಂತ ತೆಗೆದೆ ತಂಗಿ. ಕೀಲಿ ಗೊಂಚಲು ಆ ವಾರ ಇಲ್ಲೇ ಡ್ರಾಯರಿನಲ್ಲಿತ್ತು. ಇಷ್ಟು ಕೆಟ್ಟದಾಗುತ್ತೆ ಅಂತ ತಿಳೀಲಿಲ್ಲ.”

“ಆಗ ಬಾಗಿಲ ಮೇಲೆ ಎರಡು ಅಂತಲೇ ಇತ್ತಾ?”

“ಎರಡೇ ಇತ್ತು.”

ಯಾಕೆ ಕೇಳುತ್ತೀ ಎಂದು ಅವರು ಕೇಳಲಿಲ್ಲ. ಇಂಜಿನಿಯರಮ್ಮ ತಾವಾಗಿಯೇ ಹೇಳಿದರು, ಬೋಲ್ಟಿನ ಗುರುತು, ಬೆಸ ಸಮ, ಕರವಸ್ತ್ರದ ತುದಿ, ಎಲ್ಲ. ಕೇಳುತ್ತ ಕೇಳುತ್ತ ಕಾರ್ಯದರ್ಶಿಯ ಕಣ್ಣು ತುಂಬಿ ಬಂತು.

“ಹುಡುಗಂದೂ ತಪ್ಪಿಲ್ಲ, ಅತ್ತೇದೂ ತಪ್ಪಿಲ್ಲ,” ಎಂದರು.

“ಇಲ್ಲ. ಆದರೆ ಬೀಗ ಅಲ್ಲಿತ್ತು ಅಂತ ನೋಡಿದೋರು ನೀವೊಬ್ಬರೇ. ಬಣ್ಣದ ಕಲೆ ಒಂದನ್ನೇ ಹಿಡ್ಕೊಂಡು ಹೋದ್ರೆ ಅವರು ನಗ್ತಾರೆ.”

“ನಾಳೆ ಹೇಳ್ತೀನಿ. ಕೀಲಿ ಇಟ್ಕೊಂಡಿದ್ದೂ ಹೇಳ್ತೀನಿ. ಇಷ್ಟು ವರ್ಷ ಕೂಗಿದ ಗಂಟಲು, ಇದೊಂದನ್ನ ಹೇಳೋಕೆ ಆಗಲ್ವಾ?”

ಇಂಜಿನಿಯರಮ್ಮ ಅವರ ಕೈಯ ಮೇಲೆ ಕೈಯಿಟ್ಟರು.

“ಬಾಗಿಲನ್ನ ಮತ್ತೆ ಬದಲಾಯಿಸಿದೋರು ಯಾರಣ್ಣ? ನಿಮಗಿಂತ ಮುಂಚೆ ಯಾರಿದ್ರು ಅಲ್ಲಿ?”

“ಮ್ಯಾನೇಜರ್ ಓಡಿ ಬಂದಿದ್ರು. ಅವರೇ ಇರಬೇಕು,” ಎಂದು ಕಾರ್ಯದರ್ಶಿ ಕಿಟಕಿಯಾಚೆ ನೋಡಿದರು.

* * *

ಸಂಜೆಯ ಭೇಟಿಯ ಹೊತ್ತಿಗೆ ಅತ್ತೆ ಅದೇ ಬೆಂಚಿನ ಮೇಲಿದ್ದರು. ಇಂಜಿನಿಯರಮ್ಮ ಅವರೆದುರು ನೆಲದ ಮೇಲೆ ಕುಳಿತು, ಬೆರಳಿನಿಂದ ನೆಲದ ಮೇಲೆ ನಾಲ್ಕು ಚೌಕ ಬರೆದು ತೋರಿಸಿದರು.

ಅತ್ತೆಗೆ ಎರಡನೇ ಸಲ ವಿವರಿಸಬೇಕಾಗಲಿಲ್ಲ. ಅವರು ಕನ್ನಡಕ ತೆಗೆದು, ಮುಚ್ಚಿದ ಎರಡೂ ಕಣ್ಣುಗಳನ್ನು ಅಂಗೈಯಿಂದ ಸವರಿದರು, ಅಳುವ ಮಗುವನ್ನು ಸವರುವ ಹಾಗೆ.

“ಇವನ್ನ ಒಂದು ವಾರ ಬೈದಿದೀನಿ ತಾಯಿ.”

“ಬನ್ನಿ ಒಳಗೆ.”

ವಾರ್ಡಿನ ಬಾಗಿಲಲ್ಲಿ ಅತ್ತೆ ಒಂದು ಕ್ಷಣ ನಿಂತರು. ಹಳದಿ ತಲೆಯೆತ್ತಿ ನೋಡಿದ. ಅತ್ತೆ ಮಗಳ ಕೈಯಿಂದ ಕಿತ್ತಳೆ ತೆಗೆದುಕೊಂಡು ಒಂದು ತೊಳೆ ಬಿಡಿಸಿ ಅಳಿಯನ ಬಾಯಿಗಿಟ್ಟರು.

ಅವನು ಅಗಿದ. “ಅತ್ತೆ, ಬೀಜ ತೆಗೀರಿ ಸ್ವಲ್ಪ.”

“ನೋಡೇ, ಹುಷಾರಾಗಿದಾನೆ,” ಎಂದರು ಅತ್ತೆ ಮಗಳಿಗೆ. “ತಪ್ಪು ಹುಡುಕೋಕೆ ಶುರು ಮಾಡಿದ.”

ನಾಲ್ವರೂ ನಕ್ಕರು. ಹಳದಿಗೆ ನಗು ಬೇಗ ನಿಲ್ಲಲಿಲ್ಲ, ಅದು ಅಳುವಿನ ಹತ್ತಿರ ಹೋಗಿ ಹಿಂದಿರುಗಿತು. ಪಕ್ಕದ ಮಂಚದ ರೋಗಿ, ಇವರಿಗೆ ಸಂಕೋಚವಾಗದಿರಲೆಂದು, ಮಗ್ಗುಲು ಬದಲಿಸಿ ಮಲಗಿದ.

ಇಂಜಿನಿಯರಮ್ಮ ಅವನಿಗೂ ಎಲ್ಲ ವಿವರಿಸಿದರು. ಆಮೇಲೆ ಅತ್ತೆ ತಂದ ಅಂಗಿಯ ಗುಂಡಿ ಬಿಚ್ಚಿ ಅವನ ತೋಳಿಗೆ ಹಾಕಲು ನೆರವಾಗುತ್ತ, ಮಾತಿನ ನಡುವೆ ಎಂಬಂತೆ ಕೇಳಿದರು, “ಅವತ್ತು ಮ್ಯಾನೇಜರ್ ಕೋಣೆಗೆ ಬಂದಾಗ ನೀವು ಅಲ್ಲೇ ಇದ್ರಾ ಅತ್ತೆ?”

“ಅವರೆಲ್ಲಿ ಕೋಣೆಗೆ ಬಂದ್ರು? ನೇರ ಕೆಳಗೆ ಮೋಟಾರಿನ ಹತ್ರ ಓಡಿದ್ರು. ಇವನ ಜೊತೆ ಆಂಬುಲೆನ್ಸಲ್ಲಿ ಹೋದ್ರಲ್ಲ. ತೊಡೆ ಮೇಲೆ ತಲೆ ಇಟ್ಕೊಂಡು, ಬಿಳೀ ಪ್ಯಾಂಟು, ಪಾಪ, ಹಾಳಾಯ್ತು.”

“ಹೌದು,” ಎಂದ ಹಳದಿ. “ದಾರಿಯುದ್ದಕ್ಕೂ ನನ್ನ ಹೆಸರು ಹಿಡಿದು ಕರೀತಿದ್ರು. ಅವರಿಗೆ ನನ್ನ ಹೆಸರು ಗೊತ್ತಿದೆ ಅಂತ ಅವತ್ತೇ ಗೊತ್ತಾಗಿದ್ದು ನಂಗೆ.”

ಇಂಜಿನಿಯರಮ್ಮನ ಬೆರಳು ಗುಂಡಿಯ ಮೇಲೆ ನಿಧಾನವಾಯಿತು.

“ಹಾಗಾದ್ರೆ ಕೋಣೆಯಲ್ಲಿ ಯಾರಿದ್ರು?”

“ನಾನೊಬ್ಬಳೇ. ಗೋಡೆಗೆ ಒರಗಿ ಕೂತಿದ್ದೆ, ಏಳೋಕೆ ಆಗ್ತಿರಲಿಲ್ಲ. ಆಮೇಲೆ ಗಂಟಲು ಬಂದ. ನನ್ನ ನೋಡಿದ, ಬಾಗಿಲುಗಳನ್ನ ನೋಡಿದ, ಒಂದು ಗಳಿಗೆ ಹಾಗೇ ನಿಂತುಬಿಟ್ಟ. ಆಮೇಲೆ ಬಂದು ಕೈ ಹಿಡಿದು ಎಬ್ಬಿಸಿದ. ಅತ್ತೆ, ಈ ಬಾಗಿಲು ಸಡಿಲ ಆಗಿದೆ, ಯಾರ ಮೇಲಾದ್ರೂ ಬೀಳುತ್ತೆ, ಆ ಕಡೆ ಸ್ವಲ್ಪ ಹಿಡ್ಕೊಳ್ಳಿ ಅಂದ. ಹಿಡ್ಕೊಂಡೆ. ಎದುರಿಂದೂ ಹಿಡ್ಕೊಂಡೆ. ಕನ್ನಡಕ ಎಲ್ಲೋ ಬಿದ್ದಿತ್ತು, ಅಳುವಿನಲ್ಲಿ ನಂಗೆ ನಂಬರು ಗಿಂಬರು ಏನೂ ಕಾಣ್ತಿರಲಿಲ್ಲ. ಅಂಥ ಹೊತ್ತಲ್ಲೂ ಬೇರೆಯವರಿಗೆ ಪೆಟ್ಟಾಗಬಾರದು ಅಂತ ಯೋಚಿಸ್ತಾನಲ್ಲ, ಎಂಥ ಮನಸ್ಸು ನೋಡಿ ಅವನದು.”

ಇಂಜಿನಿಯರಮ್ಮ ಕೊನೆಯ ಗುಂಡಿ ಹಾಕಿದರು.

ಅತ್ತೆ ಮೇಜಿನ ಮೇಲಿದ್ದ ಖಾಲಿ ಹೂಜಿಯನ್ನೆತ್ತಿಕೊಂಡು, “ಕುಡಿಯೋಕೆ ನೀರು ತರ್ತೀನಿ,” ಎಂದು ಹೊರಗೆ ಹೋದರು. ವಾರದಲ್ಲಿ ಮೊದಲ ಸಲ ಅವರ ನಡಿಗೆ ನೆಟ್ಟಗಿತ್ತು.

ಹೆಂಡತಿ ಗಂಡನ ಮುಖ ನೋಡಿದಳು, ಇಂಜಿನಿಯರಮ್ಮನ ಮುಖ ನೋಡಿದಳು. “ಬಾಗಿಲು ಸರಿ ಇತ್ತು ಅಂತ ಅವರು ನಿಮಗೆ ಹೇಳಿದ್ರಲ್ಲ ಅಕ್ಕ?”

“ಹೇಳಿದ್ರು. ತಪ್ಪಾಗಿ ತೂಗುಹಾಕಿದೋರು ಯೂನಿಯನ್ನಿನವರು ಅಂತ ಹೊರಗೆ ಬರಬಾರದು ಅಂತ ಇರಬೇಕು.”

“ನಾಳೆ ನಮ್ಮ ಕಡೆಯಿಂದ ಮಾತಾಡೋರು ಅವರೇ ಅಲ್ವಾ?”

“ಅವರೇ.”

ಹಳದಿ ಮಾತನಾಡಿದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಆ ಬಾಗಿಲನ್ನ ಒಬ್ಬರೇ ಎತ್ತೋಕೆ ಆಗಲ್ಲ ಅಕ್ಕ. ಅದು ವಿಚಾರಣೆ ಮಾಡೋರಿಗೂ ಗೊತ್ತು. ಗಂಟಲಣ್ಣನ ಹೆಸರು ಹೇಳಿದ ತಕ್ಷಣ, ಇನ್ನೊಂದು ಕಡೆ ಹಿಡಿದೋರು ಯಾರು ಅಂತ ಕೇಳ್ತಾರೆ.”

ಹೊರಗೆ ನಲ್ಲಿಯ ಕೆಳಗೆ ಹೂಜಿ ತುಂಬುತ್ತಿರುವ ಸದ್ದು ಕೇಳುತ್ತಿತ್ತು. ಅತ್ತೆ ಯಾರೊಂದಿಗೋ ನಗುತ್ತ ಏನೋ ಹೇಳುತ್ತಿದ್ದರು.

“ನನ್ನ ಕೆಲಸ ಉಳಿಸೋಕೆ ಹೋದ್ರೆ ಅತ್ತೇನ ಸಾಕ್ಷಿ ಮುಚ್ಚಿದೋಳು ಅಂತಾರೆ,” ಎಂದ ಹಳದಿ. “ಅವರು ಬರೋ ಮುಂಚೆ ಹೇಳಿ ಅಕ್ಕ. ನಾಳೆ ನೀವು ಎದ್ದು ನಿಂತು ಏನು ಹೇಳ್ತೀರಿ?”